ಹೈವೇ ಪಕ್ಕ ಮನೆ ಇದ್ದೋರು ಫಿಟ್ನೆಸ್‌ಗೆ ಅಂತ ಸೈಕಲ್ ಹೊಡೀಬಹುದಾ?

ನೀವು ಕೇಳಿದ್ದು ಇಷ್ಟು: ಕುಮಟಾದಲ್ಲಿ ಹೈವೇ ಪಕ್ಕನೇ ಮನೆ, ವಯಸ್ಸು 41, ದಿನವಿಡೀ ಕೂತು ಮಾಡೋ ಕೆಲಸ, ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟ್ರು ಹೇಳಿದಾರೆ, ಸೈಕಲ್ ತಗೊಳ್ಳೋ ಆಸೆ ಇದೆ ಆದ್ರೆ ಲಾರಿ ಬಸ್ಸು ನೋಡಿದ್ರೆ ಎದೆ ಝಲ್ ಅಂತದೆ, ಸೈಕಲ್‌ನವರಿಗೆ ಅಂತ ಕಾನೂನು ಏನಾದ್ರೂ ಇದ್ಯಾ?

ತಗೊಳ್ಳಿ ಮಾರಾಯ್ರೇ. ನಿಮ್ಮ ಭಯ ಸುಳ್ಳಲ್ಲ, ಆದ್ರೂ ತಗೊಳ್ಳಿ. ನಮ್ಮ ಮನೆ ಸದಾಶಿವಗಡದಲ್ಲಿ, ಕೆಲಸ ಕಾರವಾರ ಪೇಟೆಯ ಒಂದು ಆಫೀಸಲ್ಲಿ ಲೆಕ್ಕ ಬರೆಯೋದು, ನಡುವೆ ಕಾಳಿ ನದಿ, ದಾಟ್ಬೇಕು ಅಂದ್ರೆ ಹೈವೇ ಸೇತುವೆ ಬಿಟ್ರೆ ಬೇರೆ ದಾರಿ ಇಲ್ಲ. ಅದರ ಮೇಲೆ ನಾಲ್ಕು ವರ್ಷದಿಂದ ಸೈಕಲ್ ಹೊಡೀತಾ ಇದ್ದೇನೆ. ರೇಸಿಗೆ ಹೋಗೋನಲ್ಲ, ಮೈಗಂಟಿದ ಬಟ್ಟೆ ಹಾಕ್ಕೊಂಡು ಗುಂಪಲ್ಲಿ ಹೋಗೋನೂ ಅಲ್ಲ, ಟೀ ಶರ್ಟು, ಹಾಫ್ ಪ್ಯಾಂಟು, ತಲೆಗೆ ಹೆಲ್ಮೆಟ್ಟು, ಅಷ್ಟೇ. ಶುರು ಮಾಡುವಾಗ ತೂಕ 86 ಕೆಜಿ, ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್ ಇದೆಯಲ್ಲ ಅದು 6.3 ಇತ್ತು. ಈಗ 75 ಕೆಜಿ, 5.6. ಇದೆಲ್ಲ ಸೈಕಲ್‌ದೇ ಪುಣ್ಯ ಅಂತ ಹೇಳೋಕಾಗಲ್ಲ, ರಾತ್ರಿ ಅನ್ನ ಅರ್ಧ ಮಾಡ್ದೆ, ಸಂಜೆ ಚಾಕ್ಕೆ ಸಕ್ಕರೆ ಬಿಟ್ಟೆ, ಆದ್ರೆ ಅದನ್ನೆಲ್ಲ ಬಿಡೋ ಮನಸ್ಸು ಬಂದಿದ್ದೇ ಬೆಳಗ್ಗೆ ಸೈಕಲ್ ಹತ್ತೋಕೆ ಶುರು ಮಾಡಿದ್ಮೇಲೆ.

ದಿನಾ ಎಷ್ಟು ಹೊಡೀಬೇಕು ಅಂತ ತಲೆ ಕೆಡಿಸ್ಕೊಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡೋರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಶ್ರಮ ಸಾಕು. ನಾನು ವಾರದಲ್ಲಿ ಐದು ದಿನ ನಲವತ್ತು ನಲವತ್ತು ನಿಮಿಷ, ಭಾನುವಾರ ಮಾತ್ರ ಸ್ವಲ್ಪ ಉದ್ದ. ಮಧ್ಯಮ ಅಂದ್ರೆ ಎಂತ ಅಂತ ಗೊತ್ತಾಗೋಕೆ ವಾಚು ಬೇಡ, ಪೆಡಲ್ ತುಳೀತಾ ಮಾತಾಡೋಕೆ ಬರ್ಬೇಕು, ಹಾಡೋಕೆ ಬರಬಾರ್ದು, ಅಷ್ಟು ಉಸಿರು ಬಂದ್ರೆ ಸರಿ. ಬೆಳಗ್ಗೆ ಐದೂವರೆ ಆರು ಗಂಟೆಗೇ ಹೊರಡಿ, ಆಗ ಗಾಳಿ ಗುಡ್ಡದ ಕಡೆಯಿಂದ ಸಮುದ್ರಕ್ಕೆ ಮೆಲ್ಲಗೆ ಬೀಸ್ತಾ ಇರ್ತದೆ, ಮಧ್ಯಾಹ್ನ ಆಗ್ತಾ ಬಂದ ಹಾಗೆ ಅದು ತಿರುಗಿ ಸಮುದ್ರದಿಂದ ಒಳಗೆ ನುಗ್ತದೆ, ಆ ಎದುರು ಗಾಳಿಗೆ ಸಿಕ್ಕಿದ್ರೆ ಸಮತಟ್ಟು ರಸ್ತೆನೂ ಘಾಟಿ ಆಗ್ತದೆ.

ಒಂದು ವಿಷಯ ಮಾತ್ರ ಮೊದಲ ದಿನಾನೇ ಸರಿ ಮಾಡ್ಕೊಳ್ಳಿ, ಸೀಟಿನ ಎತ್ತರ. ನನಗೆ ಎರಡು ತಿಂಗಳು ಮೊಣಕಾಲು ನೋವು, ಮೆಟ್ಟಿಲು ಇಳಿಯೋಕಾಗ್ತಿರಲಿಲ್ಲ, ಸೈಕಲ್ ನನಗೆ ಆಗಿ ಬರೋದಿಲ್ಲ ಅಂತ ಮಾರೋಕೇ ಹೊರಟಿದ್ದೆ. ಪಂಚರ್ ಹಾಕ್ಸೋಕೆ ಹೋದಾಗ ರಿಪೇರಿ ಅಂಗಡಿ ಅಜ್ಜ ನಾನು ಹತ್ತಿ ಕೂತಿದ್ದನ್ನ ನೋಡಿ, "ತಮಾ, ಇಳಿ ಮೊದ್ಲು, ಕುಕ್ಕರುಗಾಲಲ್ಲಿ ಕೂತ ಹಾಗೆ ಕೂತಿದ್ಯಲ್ಲ" ಅಂತ ಪಾನಾ ತಗೊಂಡು ಸೀಟು ಮೂರು ಬೆರಳಷ್ಟು ಎತ್ತಿದ್ರು. ಆಮೇಲೆ ಹಿಮ್ಮಡಿನ ಪೆಡಲ್ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೆಟ್ಟಗೆ ಆಗ್ತದಾ ನೋಡು ಅಂದ್ರು, ಆಯ್ತು. ತುಳಿಯೋವಾಗ ಪಾದದ ಮುಂಭಾಗ ಪೆಡಲ್ ಮೇಲಿರ್ತದಲ್ಲ, ಆಗ ಮೊಣಕಾಲು ಸಣ್ಣಗೆ ಬಾಗಿರ್ತದೆ, ಅದೇ ಸರಿ ಲೆಕ್ಕ. ಎರಡು ವಾರದಲ್ಲಿ ನೋವು ಹೋಯ್ತು, ದುಡ್ಡು ಪಂಚರಿಂದು ಮಾತ್ರ ತಗೊಂಡ್ರು ಅವರು.

ನಮ್ಮ ಕಡೆ ಉಪ್ಪು ಗಾಳಿಗೆ ಚೈನು ಬೇಗ ತುಕ್ಕು ಹಿಡೀತದೆ, ಬೀಚ್ ಹತ್ರ ಹೋಗಿ ಬಂದ ದಿನ ಸಿಹಿ ನೀರಲ್ಲಿ ಒರೆಸಿ ಒಣಗ್ಸಿ ಎರಡು ಹನಿ ಎಣ್ಣೆ ಬಿಡಿ. ಮತ್ತೆ ಮೀನಿನ ಗಾಡಿ ಹೋದ ರಸ್ತೆ ಮೇಲೆ ಹುಷಾರು, ಅದರಿಂದ ಸೋರೋ ಉಪ್ಪುನೀರು ತಿರುವಲ್ಲಿ ಬಿದ್ದಿದ್ರೆ ಸೋಪಿನ ನೀರು ಚೆಲ್ಲಿದ ಹಾಗೇ, ಅದರ ಮೇಲೆ ಬ್ರೇಕ್ ಹಿಡೀಬೇಡಿ, ನೇರ ದಾಟಿಬಿಡಿ. ಜೂನ್‌ನಿಂದ ಸೆಪ್ಟೆಂಬರ್ ಜಡಿಮಳೇಲಿ ನಾನು ಹೈವೇಗೆ ಇಳಿಯೋದಿಲ್ಲ, ಹೊಂಡ ಯಾವುದು ನೀರು ಯಾವುದು ಗೊತ್ತಾಗೋದಿಲ್ಲ, ಲಾರಿ ಹಾರಿಸೋ ನೀರಿಗೆ ಕಣ್ಣೂ ಕಾಣೋದಿಲ್ಲ, ಮನೇಲೇ ಸೂರ್ಯನಮಸ್ಕಾರ ಮಾಡ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೇನೆ, ಯಾಕಂದ್ರೆ ಮೈಯ ಕಥೆ ನಮ್ಮ ಕೈಲಿದೆ, ರಸ್ತೆಯ ಕಥೆ ನಮ್ಮೊಬ್ಬರ ಕೈಲಿಲ್ಲ.

2024ರ ಆಗಸ್ಟ್ 7ರ ಮಧ್ಯರಾತ್ರಿ ದಾಟಿದ ಮೇಲೆ ಕಾಳಿ ನದಿಯ ಹಳೇ ಸೇತುವೆ ಕುಸಿದಿದ್ದು ನಿಮಗೂ ನೆನಪಿರ್ತದೆ, ಒಂದು ಲಾರಿ ನದಿಗೆ ಬಿತ್ತು, ಡ್ರೈವರ್ ಬದುಕಿ ಬಂದ್ರು. ಅದಾದ್ಮೇಲೆ ಹೋಗೋದು ಬರೋದು ಎರಡೂ ಹೊಸ ಸೇತುವೆ ಮೇಲೇ ಆಯ್ತು. ಅದೇ ದಿನಗಳಲ್ಲಿ ಒಂದು ಬೆಳಗ್ಗೆ ನಾನು ಎಡಕ್ಕೆ ಒತ್ತಿಕೊಂಡು ಬರ್ತಾ ಇದ್ದೆ, ಹಿಂದಿನ ಕೆಂಪು ಲೈಟು ಉರೀತಾ ಇತ್ತು, ಎದುರಿಂದ ಟ್ಯಾಂಕರ್ ಬರ್ತಾ ಇತ್ತು, ಹಿಂದಿನ ಬಸ್ಸಿನವನಿಗೆ ಟ್ಯಾಂಕರ್ ಹೋಗೋವರೆಗೆ ಕಾಯೋ ತಾಳ್ಮೆ ಇಲ್ಲ. ಹಾರ್ನ್ ಹೊಡೆದು ಪಕ್ಕದಲ್ಲೇ ನುಗ್ಗಿದ. ಬಸ್ಸಿನ ಮೈ ನನ್ನ ಬಲಗೈಯ ಹತ್ತಿರ ಎಷ್ಟಿತ್ತು ಅಂದ್ರೆ ಇಂಜಿನ್ನಿನ ಬಿಸಿ ಮೊಣಕೈಗೆ ತಾಗ್ತು, ಪಕ್ಕಕ್ಕೆ ಅಂಟಿಸಿದ್ದ ಜಾಹೀರಾತಿನ ಅಕ್ಷರ ಒಂದೊಂದೇ ಕಣ್ಣ ಮುಂದೆ ಸರಿದು ಹೋಯ್ತು, ಮತ್ತೆ ಬಸ್ಸಿನ ಹಿಂಭಾಗ ದಾಟ್ತಿದ್ದ ಹಾಗೆ ಗಾಳಿ ನನ್ನನ್ನ ಒಳಗೆ ಎಳೀತು. ಎಡಕ್ಕೆ ಕಟ್ಟೆ, ಕೆಳಗೆ ನದಿ. ಸೇತುವೆ ದಾಟಿ ಕೋಡಿಬಾಗಲ್ಲಿ ಇಳಿದು ನಿಂತಾಗ ಕಾಲು ನಡುಗ್ತಾ ಇತ್ತು, ನೀರಿನ ಬಾಟ್ಲಿ ಮುಚ್ಚಳ ತಿರುಗ್ಸೋಕೆ ಆಗ್ಲಿಲ್ಲ. ಮನೆಯವಳಿಗೆ ಆವತ್ತು ಹೇಳ್ಲಿಲ್ಲ, ಒಂದು ವಾರದ ಮೇಲೆ ಹೇಳ್ದೆ.

ಆವತ್ತಿನಿಂದ ಕಾನೂನು ಓದೋಕೆ ಶುರು ಮಾಡ್ದೆ. ತಿಳ್ಕೊಂಡಿದ್ದು ಹೇಳ್ತೇನೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸೈಕಲ್ಲು ಮೋಟಾರು ವಾಹನ ಅಲ್ಲ, ಹಾಗಾಗಿ ಲೈಸೆನ್ಸು, ರಿಜಿಸ್ಟ್ರೇಶನ್ನು, ಇನ್ಶೂರೆನ್ಸು ಎಂತದೂ ಬೇಡ, ಹೆಲ್ಮೆಟ್ ಕೂಡ ಕಾನೂನಲ್ಲಿ ಕಡ್ಡಾಯ ಅಲ್ಲ (ಆದ್ರೆ ನೀವು ಹಾಕ್ಲೇಬೇಕು). ಅಪಾಯಕಾರಿಯಾಗಿ ಗಾಡಿ ಓಡಿಸೋರಿಗೆ 184ನೇ ಸೆಕ್ಷನ್ ಇದೆ, 2019ರ ತಿದ್ದುಪಡಿ ಆದ್ಮೇಲೆ ನಿಯಮ ಮೀರಿ ಓವರ್‌ಟೇಕ್ ಮಾಡೋದೂ ಅದರೊಳಗೆ ಸೇರಿದೆ, ಮೊದಲ ತಪ್ಪಿಗೆ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ ಹಾಕಬಹುದು, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲೂ ಆಗಬಹುದು. ಕೇಳೋಕೆ ಗಟ್ಟಿಯಾಗೇ ಇದೆ. ಆದ್ರೆ ಸೈಕಲ್ ಪಕ್ಕ ದಾಟುವಾಗ ಎಷ್ಟು ಜಾಗ ಬಿಡ್ಬೇಕು ಅಂತ ಮೀಟರ್ ಲೆಕ್ಕದಲ್ಲಿ ಕೇಂದ್ರದ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ತಾಗ್ಲಿಲ್ಲ, ಬೀಳ್ಲಿಲ್ಲ, ರಕ್ತ ಬರ್ಲಿಲ್ಲ ಅಂದ್ರೆ ನಾನು ಯಾವ ಬಾಯಲ್ಲಿ ಕಂಪ್ಲೇಂಟ್ ಕೊಡ್ಲಿ? ಹತ್ತಿರ ಬಂದ ಅಂತ ನಾನು, ಜಾಗ ಬಿಟ್ಟಿದ್ದೆ ಅಂತ ಅವನು.

ಫ್ರಾನ್ಸ್‌ನಲ್ಲಿ ಊರೊಳಗೆ 1 ಮೀಟರ್, ಊರ ಹೊರಗೆ ಒಂದೂವರೆ ಮೀಟರ್ ಬಿಡ್ಬೇಕು. ಜರ್ಮನಿಯವರು 2020ರಲ್ಲಿ ಊರೊಳಗೆ ಒಂದೂವರೆ, ಹೊರಗೆ 2 ಮೀಟರ್ ಅಂತ ಬರೆದ್ರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2014ರಲ್ಲಿ ಪ್ರಯೋಗ ಅಂತ ಶುರು ಮಾಡಿ 2016ರಲ್ಲಿ ಕಾಯಂ ಮಾಡಿದ್ರು, 60 ಕಿಮೀ ವೇಗದ ಮಿತಿ ಇರೋ ರಸ್ತೇಲಿ 1 ಮೀಟರ್, ಅದಕ್ಕಿಂತ ಜಾಸ್ತಿ ಮಿತಿ ಇದ್ರೆ ಒಂದೂವರೆ. ಒಂದೂವರೆ ಮೀಟರ್ ಅಂದ್ರೆ ದೊಡ್ಡದೇನಲ್ಲ, ನಿಮಗೂ ಬಸ್ಸಿಗೂ ನಡುವೆ ಇನ್ನೊಂದು ಸೈಕಲ್ ಅಡ್ಡ ಇಟ್ರೆ ಅದಕ್ಕೇ ಪೂರ್ತಿ ಜಾಗ ಆಗೋದಿಲ್ಲ, ಅಷ್ಟೇ ನಾವು ಕೇಳ್ತಾ ಇರೋದು. ರಸ್ತೆ ಸಣ್ಣದು, ಜಾಗ ಎಲ್ಲಿಂದ ತರೋದು ಅಂತ ನನ್ನ ಭಾವನೇ ವಾದ ಮಾಡ್ತಾರೆ, ಅವರದ್ದು ಟೆಂಪೋ ಇದೆ. ಜಾಗ ಇಲ್ಲದಿದ್ರೆ ಹಿಂದೆ ನಿಲ್ಲಿ ಭಾವ ಅಂದೆ. ನಾನು ಗಂಟೆಗೆ 18 ಕಿಮೀ ಹೋಗ್ತೇನೆ ಅಂದ್ರೆ 300 ಮೀಟರ್‌ಗೆ ಒಂದು ನಿಮಿಷ, ಅವರು 40ರಲ್ಲಿ ಹೋದ್ರೆ 27 ಸೆಕೆಂಡು, ಅಂದ್ರೆ ಅವರಿಗೆ ನಷ್ಟ ಆಗೋದು ಅರ್ಧ ನಿಮಿಷ. ಪೆನ್ನಲ್ಲಿ ಬರೆದು ತೋರ್ಸಿದ್ಮೇಲೆ ಸುಮ್ಮನಾದ್ರು, ಈಗ ಸೈಕಲ್ ಕಂಡ್ರೆ ನಿಧಾನ ಮಾಡ್ತಾರಂತೆ, ಅಕ್ಕನೇ ಹೇಳಿದ್ಳು.

ಇನ್ನೊಂದು ವಿಷಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದೇ 2019ರ ತಿದ್ದುಪಡೀಲಿ 138ನೇ ಸೆಕ್ಷನ್‌ಗೆ 1ಎ ಅಂತ ಸೇರಿಸಿದಾರೆ, ಪಾದಚಾರಿಗಳು ಮತ್ತೆ ಯಂತ್ರ ಇಲ್ಲದ ಗಾಡಿಗಳು ಸಾರ್ವಜನಿಕ ಜಾಗದಲ್ಲಿ, ರಾಷ್ಟ್ರೀಯ ಹೆದ್ದಾರೀಲಿ ಹೇಗೆ ಓಡಾಡ್ಬೇಕು ಅಂತ ರಾಜ್ಯ ಸರ್ಕಾರ ನಿಯಮ ಮಾಡಬಹುದು ಅಂತ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳೊಳಗೆ ಆ ನಿಯಮ ಮಾಡಿ ಅಂತ ರಾಜ್ಯಗಳಿಗೆ ಹೇಳ್ತು. ನನಗೆ ಇದರಲ್ಲಿ ಆಸೆಯೂ ಇದೆ, ಆತಂಕವೂ ಇದೆ. ಆಸೆ ಯಾಕೆ ಅಂದ್ರೆ ಒಂದೂವರೆ ಮೀಟರ್ ಅಂತ ಬರೆಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆತಂಕ ಯಾಕೆ ಅಂದ್ರೆ, ಸುರಕ್ಷತೆ ಅಂತ ಹೇಳಿ ಸೈಕಲ್‌ಗಳನ್ನೇ ಹೆದ್ದಾರಿಯಿಂದ ಹೊರಗೆ ಹಾಕೋದು ಎಲ್ಲಕ್ಕಿಂತ ಸುಲಭದ ದಾರಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ ಎಲ್ಲ ಮುಖ್ಯ ರಸ್ತೆಗೆ ಬರೋ ಹಾಗಿಲ್ಲ, ಅಲ್ಲಿ ಪಕ್ಕ ಸರ್ವಿಸ್ ರಸ್ತೆ ಇದೆ ನಡೀತದೆ. ನಮ್ಮ ಕಡೆ ಒಂದು ಬದಿ ಗುಡ್ಡ, ಇನ್ನೊಂದು ಬದಿ ಸಮುದ್ರ, ನಡುವೆ ಸಿಕ್ಕಿದ ಜಾಗದಲ್ಲಿ ರೈಲು, ಊರು, 66ನೇ ಹೆದ್ದಾರಿ. ಸೇತುವೆ ಮೇಲೆ ಸೈಕಲ್ ಬೇಡ ಅಂದ್ರೆ ನಾನು ಕಾಳಿ ನದಿ ಈಜಬೇಕಾ?

ನನ್ನ ವಿಷಯ ಬಿಡಿ, ನನಗೆ ಬೈಕೂ ಇದೆ. 2006-07ರಿಂದ ಸರ್ಕಾರನೇ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡ್ತಾ ಬಂತಲ್ಲ, ಈಗ ಕೆಲ ವರ್ಷದಿಂದ ಆ ಯೋಜನೆ ನಿಂತಿದೆ, ಆದ್ರೆ ಅಕ್ಕ ತುಳಿದ ಅದೇ ಸೈಕಲನ್ನ ತಮ್ಮ ತುಳೀತಾ ಹೈಸ್ಕೂಲಿಗೆ ಹೋಗೋದನ್ನ ನಾನು ದಿನಾ ನೋಡ್ತೇನೆ. ಪೇಪರ್ ಹಾಕೋ ಹುಡುಗರಿದ್ದಾರೆ, ಗಾರೆ ಕೆಲಸಕ್ಕೆ ಹೋಗೋರು ಹ್ಯಾಂಡಲ್‌ಗೆ ಬುತ್ತಿ ಕಟ್ಕೊಂಡು ಬರ್ತಾರೆ, ಹಿಂದೆ ಲೈಟ್ ಕೂಡ ಇರೋದಿಲ್ಲ. ಸೈಕಲ್ ಕಾನೂನು ಅಂದ್ರೆ ಹಣ ಇದ್ದೋರ ಹವ್ಯಾಸಕ್ಕೆ ಅಂತ ಯಾರಾದ್ರೂ ಹೇಳಿದ್ರೆ ನನಗೆ ನಿಜಕ್ಕೂ ಸಿಟ್ಟು ಬರ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದು ಕೇಂದ್ರ ಸಾರಿಗೆ ಇಲಾಖೆಯದ್ದೇ ಲೆಕ್ಕ.

ನಾವು ಆರು ಜನ ಸೇರಿ ಕಳೆದ ಸಲ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಅರ್ಜಿ ಕೊಟ್ವಿ, ಕನ್ನಡದಲ್ಲೇ, ಒಂದೂವರೆ ಪುಟ. ಕೇಳಿದ್ದು ಮೂರೇ. ಸೇತುವೆ ಮೇಲೆ, ತಿರುವುಗಳಲ್ಲಿ ಸೈಕಲ್ ಪಕ್ಕ ಒಂದೂವರೆ ಮೀಟರ್ ಬಿಡಿ ಅಂತ ಬೋರ್ಡ್ ಹಾಕ್ಸಿ, ಬಿಳಿ ಪಟ್ಟೆಯಿಂದ ಆಚೆಗಿನ ಜಾಗದಲ್ಲಿ ಜಲ್ಲಿ ಮಣ್ಣು ರಾಶಿ ಬಿಡದೆ ಗುಡಿಸಿ, ಶಾಲೆ ಬಿಡೋ ಹೊತ್ತಲ್ಲಿ ವೇಗ ಹಿಡಿಯೋ ಪೊಲೀಸರನ್ನ ನಿಲ್ಸಿ. ಸ್ವೀಕೃತಿ ಸೀಲು ಹಾಕಿಸ್ಕೊಂಡು ಬಂದಿದ್ದೇವೆ. ರಾಜ್ಯದ ನಿಯಮಕ್ಕೆ ಇನ್ನೊಂದು ಅರ್ಜಿ ಬರೀತಾ ಇದ್ದೇವೆ, ಸೈಕಲ್‌ನ ಹೆದ್ದಾರಿಯಿಂದ ತೆಗೀಬೇಡಿ, ತೆಗೆಯೋದಾದ್ರೆ ಮೊದಲು ಪಕ್ಕ ದಾರಿ ಮಾಡಿ ಅನ್ನೋದೇ ಅದರ ಮೊದಲ ಸಾಲು.

ನೀವು ಕುಮಟಾದಲ್ಲಿರೋದು ಒಂದು ಲೆಕ್ಕಕ್ಕೆ ಒಳ್ಳೇದೇ. ಮೊದಲ ಎರಡು ತಿಂಗಳು ಹೈವೇ ಬೇಡ, ಹೊಲನಗದ್ದೆ ಕಡೆ, ಬಾಡ ಕಾಗಾಲ ಕಡೆ ಒಳರಸ್ತೇಲಿ ಹೊಡೀರಿ, ಗದ್ದೆ ತೋಟ ನೋಡ್ತಾ ನಲವತ್ತು ನಿಮಿಷ ಹೋಗಿದ್ದೇ ಗೊತ್ತಾಗೋದಿಲ್ಲ. ದೇವಿಮನೆ ಘಾಟ್ ಹತ್ತೋ ಆಸೆ ಒಂದು ವರ್ಷ ಪಕ್ಕಕ್ಕಿಡಿ. ಹೈವೇ ದಾಟ್ಲೇಬೇಕು ಅಂದ್ರೆ ಇಳಿದು ತಳ್ಕೊಂಡು ದಾಟಿ. ಹೈವೇ ಮೇಲೆ ಹೋಗೋ ದಿನ ಬಂದಾಗ ತೀರಾ ಅಂಚಿಗೆ ಹೋಗ್ಬೇಡಿ, ಅಂಚಿಗೆ ಹೋದಷ್ಟೂ ಹಿಂದಿನವನಿಗೆ ಜಾಗ ಇದೆ ಅನ್ನಿಸ್ತದೆ, ನಿಮಗೆ ಎಡಕ್ಕೆ ತಪ್ಪಿಸ್ಕೊಳ್ಳೋಕೂ ಏನೂ ಉಳಿಯೋದಿಲ್ಲ. ಹಿಂದಿನ ಕೆಂಪು ಲೈಟು ಹಗಲಲ್ಲೂ ಹಾಕಿಡಿ, ಹ್ಯಾಂಡಲ್‌ಗೆ ಒಂದು ಕನ್ನಡಿ ಕಟ್ಟಿ, ಕಿವಿಗೆ ಇಯರ್‌ಫೋನ್ ಬೇಡ.

ಗೇರ್ ಸೈಕಲ್ ಬೇಕಾ ಸಾದಾ ಬೇಕಾ ಅಂತ ಕೆಳಗೆ ಇನ್ನೊಬ್ರು ಕೇಳಿದಾರೆ. ನಿಮ್ಮ ಆ ಒಳರಸ್ತೆಗಳಿಗೆ ಸಾದಾ ಸೈಕಲ್ಲೇ ಸಾಕು, ಮನೇಲಿ ಹಳೇದಿದ್ರೆ ಟೈರು ಟ್ಯೂಬು ಬ್ರೇಕ್ ರಬ್ಬರು ಹೊಸದು ಹಾಕ್ಸಿ ನಾಳೆ ಬೆಳಗ್ಗೆನೇ ಶುರು ಮಾಡಿ. ಮತ್ತೆ ಅರ್ಜಿಗೆ ಕುಮಟಾದಿಂದ ನಾಲ್ಕು ಸಹಿ ಮಾಡ್ಸಿ ಕೊಡೋಕಾಗ್ತದಾ ಅಂತ ಇಲ್ಲೇ ಕೆಳಗೆ ಬರೀರಿ, ಪ್ರತಿ ಹಾಕ್ತೇನೆ.