ನರ್ಸಿಂಗ್ ಸೀಟು, ವಾರ್ಡ್ ಪೋಸ್ಟಿಂಗ್: ನಿಮ್ಮ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಮ್ದು ಜಗಳೂರು ಹತ್ರ ಹಳ್ಳಿ. ಮಗಳು ಪಿಯುಸಿ ಸೈನ್ಸ್ ಪಾಸಾಗಿದಾಳೆ, ಪಿಸಿಬಿ ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ 52 ಪರ್ಸೆಂಟ್ ಬಂದೈತೆ. ಒಬ್ರು ಏಜೆಂಟ್ ಮನೆಗೇ ಬಂದು ಬಿಎಸ್ಸಿ ನರ್ಸಿಂಗ್ ಸೀಟು ಕೊಡಿಸ್ತೀನಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ, ದಿನಾ ಕಾಲೇಜಿಗೆ ಬರೋದೇನೂ ಬೇಕಿಲ್ಲ, ಅಟೆಂಡೆನ್ಸ್ ನಾವೇ ನೋಡ್ಕೋತೀವಿ ಅಂತಿದಾರೆ. ಕೊಡಬಹುದಾ?
– ಒಬ್ಬ ತಾಯಿ

ಉತ್ತರ: ಕೊಡಬೇಡಿ ಅಮ್ಮಾ. ಮಾರ್ಕ್ಸ್ ಕಾರ್ಡೂ ಕೊಡಬೇಡಿ, ಅಡ್ವಾನ್ಸೂ ಕೊಡಬೇಡಿ. ನಿಮ್ಮ ಮಗಳಿಗೆ ಅರ್ಹತೆ ಐತೆ. ಪಿಯುಸಿಯಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಜೊತೆಗೆ ಇಂಗ್ಲಿಷ್ ಪಾಸಾಗಿರಬೇಕು, ಪಿಸಿಬಿ ಸೇರಿ 45 ಪರ್ಸೆಂಟ್ ಇರಬೇಕು, ಎಸ್ಸಿ ಎಸ್ಟಿ ಮತ್ತೆ ಹಿಂದುಳಿದ ವರ್ಗದವರಿಗೆ 40 ಸಾಕು, ಸೇರೋ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಸರ್ಕಾರಿ ಕೋಟಾ ಸೀಟು ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕನೇ ಸಿಗೋದು, ಅದಕ್ಕೆ ಸಿಇಟಿ ಬರೆದಿರಬೇಕು. ಬರೆದಿದಾಳಾ ಅಂತ ನೀವು ತಿಳಿಸಿಲ್ಲ, ಬರೆದಿದ್ರೆ ಮೊದ್ಲು ಕೌನ್ಸೆಲಿಂಗ್ ನೋಡಿ, ಏಜೆಂಟ್ ಮಾತು ಆಮೇಲೂ ಬೇಡ.

ನನಗೆ ಹೊಟ್ಟೆ ಉರಿಯೋದು ಆ ಅಟೆಂಡೆನ್ಸ್ ಮಾತಿಗೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ರೂಲ್ ಪ್ರಕಾರ ಪರೀಕ್ಷೆಗೆ ಕೂರೋಕೆ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80 ಪರ್ಸೆಂಟ್ ಹಾಜರಿ ಬೇಕು, ಆದ್ರೆ ಡಿಗ್ರಿ ಕೈಗೆ ಬರಬೇಕಂದ್ರೆ ಪ್ರತಿಯೊಂದು ಕ್ಲಿನಿಕಲ್ ಏರಿಯಾದಲ್ಲೂ, ಅಂದ್ರೆ ಆಸ್ಪತ್ರೆಲಿ ಕಲಿಯೋ ಒಂದೊಂದು ವಿಭಾಗದಲ್ಲೂ, ನೂರಕ್ಕೆ ನೂರು ಇರಬೇಕು, ತಪ್ಪಿಸಿದ ದಿನಾನ ತುಂಬಿಕೊಡಲೇಬೇಕು. ಕೊನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್, 22 ವಾರ, ವಾರಕ್ಕೆ 48 ಗಂಟೆ. ಇದನ್ನೆಲ್ಲ "ನೋಡ್ಕೋತೀವಿ" ಅಂದ್ರೆ ಮಾಡಿದ ಕೆಲಸ ಬರೆದಿಡೋ ಲಾಗ್ ಬುಕ್ಕಲ್ಲಿ ಸುಳ್ಳು ಬರೀತೀವಿ ಅಂತಾನೇ ಅರ್ಥ.

ಪೋಸ್ಟಿಂಗ್ ಅಂದ್ರೆ ವಾರ್ಡಲ್ಲಿ ನಿಂತು ಕೈಯಾರೆ ಕೆಲಸ ಕಲಿಯೋದು, ಓದಿ ಬರೋದಲ್ಲ. ಲೇಬರ್ ವಾರ್ಡಲ್ಲಿ ಹೆರಿಗೆ ನೋವು ಶುರುವಾದ ಹೆಣ್ಣುಮಗಳ ಹೊಟ್ಟೆ ಮೇಲೆ ಅಂಗೈ ಇಟ್ಕೊಂಡು, ಕಣ್ಣು ಗಡಿಯಾರದ ಮೇಲಿಟ್ಟು, ಹತ್ತು ನಿಮಿಷಕ್ಕೆ ಎಷ್ಟು ಸಲ ಗರ್ಭಕೋಶ ಗಟ್ಟಿಯಾಗುತ್ತೆ, ಒಂದೊಂದು ಸಲ ಎಷ್ಟು ಸೆಕೆಂಡ್ ಹಿಡ್ಕೊಳುತ್ತೆ ಅಂತ ಎಣಿಸಿ ಪಾರ್ಟೋಗ್ರಾಫಲ್ಲಿ (ಹೆರಿಗೆ ಹೇಗೆ ಸಾಗ್ತಿದೆ ಅಂತ ತೋರಿಸೋ ಚಾರ್ಟಲ್ಲಿ) ಗುರುತು ಹಾಕಬೇಕು. ಮೊದಮೊದಲು ನರ್ಸಿಂಗ್ ಕಲಿಯೋ ಮಕ್ಕಳ ಕೈಗೆ ಏನೂ ಗೊತ್ತೇ ಆಗಲ್ಲ, ಪಕ್ಕದಲ್ಲಿ ಸಿಸ್ಟರ್ ಕೈ ಮೇಲೆ ಕೈ ಇಟ್ಟು "ಈಗ ಬಂತು ನೋಡು" ಅಂತ ತೋರಿಸ್ತಾ ತೋರಿಸ್ತಾ ಕೈಗೆ ಹತ್ತುತ್ತೆ. ಗೈಡ್ ಓದಿ ಪಾಸಾದ ಹುಡುಗಿ ನಾಳೆ ಯಾವುದೋ ಪಿಎಚ್‌ಸಿಯಲ್ಲಿ ರಾತ್ರಿ ಒಬ್ಬಳೇ ಡ್ಯೂಟಿಲಿದ್ರೆ ಹೆರಿಗೆಗೆ ಬಂದ ಹೆಣ್ಣುಮಗಳ ಗತಿ ಏನು ಹೇಳಿ.

ಹಾಗಾಗಿ ಕಾಲೇಜು ನೋಡೋಕೆ ಹೋದಾಗ ಬಿಲ್ಡಿಂಗ್, ಹಾಸ್ಟೆಲ್ ಆಮೇಲೆ ನೋಡಿ. ಮೊದ್ಲು ಪೇರೆಂಟ್ ಹಾಸ್ಪಿಟಲ್ (ಕಾಲೇಜಿನದೇ ಆಸ್ಪತ್ರೆ) ಯಾವುದು, ಎಷ್ಟು ಬೆಡ್, ಬೆಡ್ ತುಂಬಿರ್ತಾವಾ, ಹೆರಿಗೆ ಮತ್ತೆ ಮಕ್ಕಳ ವಾರ್ಡಿಗೆ ಎಲ್ಲಿ ಕಳಿಸ್ತೀರಿ, ಸೈಕಿಯಾಟ್ರಿ (ಮಾನಸಿಕ ರೋಗ) ಪೋಸ್ಟಿಂಗ್ ಎಲ್ಲಿ, ಕಲಿಯೋ ಮಕ್ಕಳ ಜೊತೆ ಟೀಚರ್ ವಾರ್ಡಿಗೆ ಬರ್ತಾರಾ ಅಂತ ಕೇಳಿ. ರಾಜೀವ್ ಗಾಂಧಿ ಆರೋಗ್ಯ ವಿವಿ ಅಫಿಲಿಯೇಷನ್ನೂ ಕರ್ನಾಟಕ ನರ್ಸಿಂಗ್ ಕೌನ್ಸಿಲ್ ಮಾನ್ಯತೆನೂ ಈ ವರ್ಷಕ್ಕೆ ಐತಾ ಅಂತ ನೀವೇ ಚೆಕ್ ಮಾಡಿ. ಇನ್ನೊಂದು, ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಕಡೆನೋ ಬಾಪೂಜಿ ಆಸ್ಪತ್ರೆ ಕಡೆನೋ ಬೆಳಿಗ್ಗೆ ಹೊತ್ತು ಹೋಗಿ, ಯೂನಿಫಾರ್ಮಲ್ಲಿರೋ ಮಕ್ಕಳು ಸಿಕ್ಕೇ ಸಿಗ್ತಾರೆ, ಯಾವ ಕಾಲೇಜಮ್ಮ, ಪೋಸ್ಟಿಂಗ್ ಸರಿಯಾಗಿ ಮಾಡಿಸ್ತಾರಾ ಅಂತ ಅವರನ್ನೇ ಕೇಳಿ. ಪ್ರಿನ್ಸಿಪಾಲರಿಗಿಂತ ಅವರು ನಿಜ ಹೇಳ್ತಾರೆ.

ಪ್ರಶ್ನೆ: ಪಿಯುಸಿ ಆರ್ಟ್ಸ್ ಮಾಡಿದೀನಿ, 58 ಪರ್ಸೆಂಟ್. ನರ್ಸಿಂಗ್ ಆಸೆ ಬಿಡಬೇಕಾ ಮೇಡಂ?
– ಚಳ್ಳಕೆರೆಯ ಓದುಗ

ಉತ್ತರ: ಯಾಕಪ್ಪಾ ಬಿಡ್ತೀಯ. ಜಿಎನ್‌ಎಂ ಐತೆ, ಅಂದ್ರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಇಂಗ್ಲಿಷ್ ಇದ್ದು 40 ಪರ್ಸೆಂಟ್ ಬಂದಿದ್ರೆ ಯಾವ ವಿಭಾಗದವರಾದ್ರೂ ಸೇರಬಹುದು, ಇಂಗ್ಲಿಷಲ್ಲೂ 40 ಇರಬೇಕು, ಅದನ್ನ ಒಂದ್ಸಲ ನೋಡ್ಕೋ. ಮುಗಿಸಿ ರಿಜಿಸ್ಟರ್ ಆದ್ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಎರಡು ವರ್ಷ ಮಾಡಿದ್ರೆ ಡಿಗ್ರಿನೂ ಆಗುತ್ತೆ. ಅನಾಟಮಿ ಮೊದಲ ಕೆಲ ತಿಂಗಳು ಕಷ್ಟ ಆಗುತ್ತೆ, ಸೇರೋ ಮುಂಚೆ ಹತ್ತನೇ ಕ್ಲಾಸ್ ಬಯಾಲಜಿ ಪುಸ್ತಕ ತೆಗೆದು ಇನ್ನೊಂದ್ಸಲ ಓದ್ಕೊಂಡು ಹೋಗು.

ಪ್ರಶ್ನೆ: ನಾನು ಫಸ್ಟ್ ಇಯರ್ ನರ್ಸಿಂಗ್. ಪೋಸ್ಟಿಂಗಿಗೆ ಹೋಗೋ ಮುಂಚೆ ಹೆಪಟೈಟಿಸ್ ಬಿ ಇಂಜೆಕ್ಷನ್ ಹಾಕಿಸ್ಕೊಂಡು ಬಾ ಅಂದಿದಾರೆ. ಒಂದು ಡೋಸ್ ಆದ್ರೆ ಸಾಕಾ? ಸೂಜಿ ಚುಚ್ಚಿಕೊಂಡ್ರೆ ಏನ್ ಮಾಡ್ಬೇಕು, ತುಂಬಾ ಭಯ.
– ದಾವಣಗೆರೆ ವಿದ್ಯಾರ್ಥಿನಿ

ಉತ್ತರ: ಒಂದು ಸಾಲಲ್ಲ ಪುಟ್ಟಾ, ಮೂರು ಡೋಸ್. ಮೊದಲನೇದು ಹಾಕಿಸಿ ಒಂದು ತಿಂಗಳಿಗೆ ಎರಡನೇದು, ಆರನೇ ತಿಂಗಳಿಗೆ ಮೂರನೇದು. ಎಷ್ಟೋ ಮಕ್ಕಳು ಮೂರನೇದನ್ನ ಮರೆತೇಬಿಡ್ತಾರೆ, ಮೊಬೈಲಲ್ಲಿ ಇವತ್ತೇ ರಿಮೈಂಡರ್ ಹಾಕ್ಕೋ. ಮೂರು ಮುಗಿದ ಒಂದೆರಡು ತಿಂಗಳಿಗೆ ರಕ್ತದಲ್ಲಿ ರೋಗ ತಡೆಯೋ ಶಕ್ತಿ ಎಷ್ಟು ಬಂದೈತೆ ಅಂತ ನೋಡೋ ಟೈಟರ್ ಟೆಸ್ಟ್ ಮಾಡಿಸು, ರಿಪೋರ್ಟಲ್ಲಿ 10 mIU/mL ಅಥವಾ ಮೇಲಿದ್ರೆ ಲಸಿಕೆ ಹಿಡಿದೈತೆ ಅಂತ. ಕಾರ್ಡ್ ಜೋಪಾನವಾಗಿಡು, ಮುಂದೆ ಕೆಲಸಕ್ಕೆ ಸೇರುವಾಗಲೂ ಕೇಳ್ತಾರೆ. ಆಸ್ಪತ್ರೆ ಸಿಬ್ಬಂದಿಗೆ ಈ ಲಸಿಕೆ ಹಾಕಿಸಬೇಕು ಅಂತ 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸಲ್ಲೇ ಐತೆ, ಹಾಗಾಗಿ ಕಾಲೇಜಿಂದಾನೇ ಹಾಕಿಸಿ ಅಂತ ಕೇಳೋಕೆ ಸಂಕೋಚ ಬೇಡ.

ಸೂಜಿ ಚುಚ್ಚಿದ್ರೆ ಬೆರಳು ಹಿಂಡಬೇಡ, ಬಾಯಿಗೆ ಇಟ್ಕೋಬೇಡ, ಹರಿಯೋ ನೀರಲ್ಲಿ ಸೋಪು ಹಚ್ಚಿ ತೊಳಿ, ತಕ್ಷಣ ವಾರ್ಡ್ ಸಿಸ್ಟರಿಗೆ ಹೇಳು. ಬೈತಾರೆ ಅಂತ ಮುಚ್ಚಿಡೋ ಮಕ್ಕಳೇ ಜಾಸ್ತಿ, ಅದೇ ಅಪಾಯ, ಯಾಕಂದ್ರೆ ಎಚ್‌ಐವಿ ತಡೆಯೋ ಮಾತ್ರೆ ಬೇಕಾದ್ರೆ ಎರಡು ಗಂಟೆ ಒಳಗೆ ಶುರು ಮಾಡಿದ್ರೆ ಒಳ್ಳೇದು, 72 ಗಂಟೆ ದಾಟಿದ ಮೇಲೆ ಶುರು ಮಾಡಿ ಪ್ರಯೋಜನ ಇಲ್ಲ, ಶುರು ಮಾಡಿದ್ರೆ 28 ದಿನ ಬಿಡದೆ ತಗೋಬೇಕು. ಮತ್ತೆ ಬಳಸಿದ ಸೂಜಿಗೆ ಕ್ಯಾಪ್ ವಾಪಸ್ ಹಾಕೋಕೆ ಹೋಗ್ಬೇಡ, ಹಾಗೇ ಸೂಜಿಗಂತಾನೇ ಇಟ್ಟಿರೋ ಬಿಳಿ ಡಬ್ಬಿಗೆ ಹಾಕು.