ವೈದ್ಯರನ್ನು ಕೇಳಿ: ರಿಪೋರ್ಟಿನಲ್ಲಿ ಇಯೋಸಿನೋಫಿಲ್ 18 ಬಂದರೆ?

ಪ್ರಶ್ನೆ: ನಮ್ಮತ್ತೆ ಕುಂದಾಪುರದ ಕಡೆಯವರು. ಮಳೆಗಾಲವಿಡೀ ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಈಗ ನಮ್ಮಲ್ಲಿಗೆ ಬಂದಿದ್ದಾರೆ. ಒಣಕೆಮ್ಮು, ಸುಸ್ತು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 11,200, ಇಯೋಸಿನೋಫಿಲ್ ಶೇ. 18, ಹಿಮೋಗ್ಲೋಬಿನ್ 9.1. ಮಲಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಪಕ್ಕದ ಮನೆಯವರು ‘ಮುಂಬಯಿ ಧೂಳಿನ ಅಲರ್ಜಿ’ ಅನ್ನುತ್ತಾರೆ, ಅತ್ತೆ ‘ಹೊಟ್ಟೆಹುಳ’ ಅನ್ನುತ್ತಾರೆ. ಯಾರ ಮಾತು ಸರಿ?
– ಓದುಗರು, ಡೊಂಬಿವಲಿ

ಉತ್ತರ: ನನ್ನ ಓಟು ಅತ್ತೆಯವರಿಗೆ.

ಇಯೋಸಿನೋಫಿಲ್ ಅಂದರೆ ಒಂದು ಬಗೆಯ ಬಿಳಿ ರಕ್ತಕಣ. ಶೇಕಡಾ ಲೆಕ್ಕ ಬಿಡಿ, 11,200ರಲ್ಲಿ ಶೇ. 18 ಅಂದರೆ 2,016. 500 ದಾಟಿದರೇ ಹೆಚ್ಚು. ಅಲರ್ಜಿಗೂ ಈ ಕಣ ಏರುತ್ತದೆ, ನಿಜ. ಆದರೆ ಅಲರ್ಜಿಯಿಂದ ಹಿಮೋಗ್ಲೋಬಿನ್ ಇಳಿಯುವುದಿಲ್ಲ. ಬರಿಗಾಲು, ಹಸಿಮಣ್ಣು, ರಕ್ತಹೀನತೆ ಮೂರೂ ಸೇರಿದರೆ ನನಗೆ ಮೊದಲು ನೆನಪಾಗುವುದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳ.

ಪರೇಲಿನ ಲ್ಯಾಬಿನಲ್ಲಿದ್ದಾಗ, ಊರಿನಿಂದ ಹೊಸದಾಗಿ ಬಂದ ಹೋಟೆಲ್ ಹುಡುಗರ ಸ್ಲೈಡುಗಳಲ್ಲಿ ಈ ಇಯೋಸಿನೋಫಿಲ್ ಕಣಗಳನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ಹಾಲೆಯ ನೀಲಿ ಕೋಶಕೇಂದ್ರ, ಸುತ್ತ ಕೇಸರಿಭಾತಿನ ರವೆಯಂತೆ ಒತ್ತೊತ್ತಾದ ಕೆಂಪು ಹರಳು. 1879ರಲ್ಲಿ ಪಾಲ್ ಎರ್ಲಿಶ್ ಇಯೋಸಿನ್ ಬಣ್ಣ ಹಾಕಿ ಈ ಕಣವನ್ನು ಗುರುತಿಸಿದ. ಕಣದ ಮದ್ದುಗುಂಡು ಇರುವುದು ಆ ಹರಳುಗಳಲ್ಲೇ.

ಬ್ಯಾಕ್ಟೀರಿಯಾ ಬಂದರೆ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಿಳಿ ಕಣ ಅದನ್ನು ಇಡಿಯಾಗಿ ನುಂಗಿಬಿಡುತ್ತದೆ. ಕೊಕ್ಕೆಹುಳ ಒಂದು ಸೆಂಟಿಮೀಟರ್ ಉದ್ದ, ಬಿಳಿ ಕಣ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ನುಂಗುವ ಮಾತೇ ಇಲ್ಲ. ಹುಳ ಹೊಕ್ಕ ಸುಳಿವು ಸಿಕ್ಕೊಡನೆ ಟಿ-ಸಹಾಯಕ ಎಂಬ ಬಿಳಿ ಕಣಗಳು ಇಂಟರ್‌ಲ್ಯೂಕಿನ್-5 ಎಂಬ ರಾಸಾಯನಿಕ ಬಿಡುತ್ತವೆ, ಎಲುಬಿನ ಮಜ್ಜೆ ಇಯೋಸಿನೋಫಿಲ್‌ಗಳನ್ನು ರಾಶಿರಾಶಿ ತಯಾರಿಸುತ್ತದೆ. ಪ್ರತಿಕಾಯಗಳು ಮರಿಹುಳದ ಮೈಗೆ ಮೆತ್ತಿಕೊಂಡಾಗ ಈ ಕಣಗಳು ಅಲ್ಲಿ ಹೋಗಿ ಕಚ್ಚಿಕೊಂಡು, ಹರಳುಗಳಲ್ಲಿನ ವಿಷಪ್ರೋಟೀನನ್ನು ಅದರ ಮೇಲೇ ಸುರಿಯುತ್ತವೆ. ಆ ವಿಷಕ್ಕೆ ನಮ್ಮದು, ಹುಳದ್ದು ಎಂಬ ಭೇದವಿಲ್ಲ. ಹತ್ತಿರದ ನಮ್ಮ ಅಂಗಾಂಶವೂ ಸುಡುತ್ತದೆ.

ಕೆಮ್ಮಿನ ಮೂಲ ಇದೇ ಇರಬಹುದು. ಕೊಕ್ಕೆಹುಳದ ಮರಿ ಪಾದದ ಚರ್ಮ ಕೊರೆದು ರಕ್ತಕ್ಕಿಳಿದು, ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ಉಗುಳಿನ ಜೊತೆ ಕರುಳಿಗೆ ಇಳಿಯುತ್ತದೆ. ಅಲ್ಲಿ ಬೆಳೆದು ಮೊಟ್ಟೆಯಿಡಲು ಒಂದು ತಿಂಗಳ ಮೇಲೇ ಬೇಕು, ಅಲ್ಲಿಯವರೆಗೆ ಮಲದಲ್ಲಿ ಮೊಟ್ಟೆ ಕಾಣುವುದಿಲ್ಲ. ಹಳೆಯ ಹುಳವಿದ್ದರೂ ಒಂದೇ ಸಲದ ಪರೀಕ್ಷೆಯಲ್ಲಿ ಮೊಟ್ಟೆ ತಪ್ಪಿಹೋಗಬಹುದು. ಬೇರೆ ಬೇರೆ ಮೂರು ದಿನ ಮಲಪರೀಕ್ಷೆ ಮಾಡಿಸಿ. ಹುಳ ಕಂಡರೆ ಡಾಕ್ಟರು ಅಲ್ಬೆಂಡಜೋಲ್ 400 ಮಿಲಿಗ್ರಾಂ ಕೊಡುತ್ತಾರೆ. ಜೊತೆಗೆ ಕಬ್ಬಿಣಾಂಶ ಬೇಕು. ಈ ವಯಸ್ಸಿನಲ್ಲಿ ರಕ್ತ ಕಮ್ಮಿಯಾಗಲು ಬೇರೆ ಕಾರಣವಿಲ್ಲವೆಂದೂ ಖಚಿತ ಮಾಡಿಕೊಳ್ಳಲಿ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಕೆಮ್ಮಿಗೆಂದು ಯಾರಾದರೂ ಸ್ಟೀರಾಯ್ಡ್ ಮಾತ್ರೆ ಬರೆದರೆ, ನುಂಗುವ ಮೊದಲೇ ‘ಬರಿಗಾಲಲ್ಲಿ ತೋಟದಲ್ಲಿ ಇದ್ದವರು, ಇಯೋಸಿನೋಫಿಲ್ 2,000 ಇದೆ’ ಎಂದು ಹೇಳಿ. ಸ್ಟ್ರಾಂಗಿಲಾಯ್ಡಿಸ್ ಎಂಬ ಇನ್ನೊಂದು ಹುಳವೂ ಪಾದದಿಂದಲೇ ಹೊಗುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಇಯೋಸಿನೋಫಿಲ್ ಸರ್ರನೆ ಇಳಿಯುತ್ತದೆ, ರಿಪೋರ್ಟು ಚೆಂದ ಕಾಣುತ್ತದೆ. ಒಳಗೆ ಹುಳ ಮಾತ್ರ ಮೈತುಂಬ ಹರಡಿ ಪ್ರಾಣಕ್ಕೇ ಕುತ್ತು ತರಬಹುದು. ಅದಕ್ಕೆ ಮದ್ದು ಐವರ್ಮೆಕ್ಟಿನ್, ಮೊದಲೇ ಕೊಡಬೇಕು.

ರಾತ್ರಿ ಮಾತ್ರ ಕೆಮ್ಮು, ಉಬ್ಬಸ ಬಂದು ಲೆಕ್ಕ 3,000 ದಾಟಿದರೆ ಆನೆಕಾಲು ರೋಗದ ಹುಳದ ಕಡೆಗೂ ನೋಡಬೇಕು.

ಪ್ರಶ್ನೆ: ನನಗೆ ಮಲೇರಿಯಾ ಆಗಿದೆ. ಅದೂ ಪರಾವಲಂಬಿಯಲ್ಲವೇ? ಇಯೋಸಿನೋಫಿಲ್ ಬರೀ ಶೇ. 1 ಯಾಕೆ?
– ಹೋಟೆಲ್ ಕೆಲಸಗಾರ, ಕಾಂದಿವಲಿ

ಉತ್ತರ: ಅದು ಒಂದೇ ಕೋಶದ ಜೀವಿ, ಕೆಂಪು ರಕ್ತಕಣದ ಒಳಗೇ ಅಡಗುತ್ತದೆ. ಇಯೋಸಿನೋಫಿಲ್‌ಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಜ್ವರದ ದಿನಗಳಲ್ಲಿ ಅದು ಇಳಿಯುವುದೇ ಹೆಚ್ಚು. ಸೋಂಕು ತಗುಲಿದ ಕೆಂಪು ಕಣಗಳನ್ನು ನುಂಗುವವು ಗುಲ್ಮದಲ್ಲಿರುವ ಮ್ಯಾಕ್ರೋಫೇಜ್‌ಗಳು. ಅಮೀಬಾ, ಜಿಯಾರ್ಡಿಯಾಗಳಲ್ಲೂ ಇಯೋಸಿನೋಫಿಲ್ ಸಾಮಾನ್ಯವಾಗಿ ಏರುವುದಿಲ್ಲ. ನಿಮ್ಮದು ವೈವಾಕ್ಸ್ ಬಗೆಯ ಮಲೇರಿಯಾ ಆಗಿದ್ದು ಡಾಕ್ಟರು ಪ್ರೈಮಾಕ್ವಿನ್ 14 ದಿನಕ್ಕೆ ಬರೆದಿದ್ದರೆ, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ. ಯಕೃತ್ತಿನಲ್ಲಿ ಉಳಿದದ್ದು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ.