ಮೊಮ್ಮಗಳು ಕರಿಕೋಟು ಹಾಕಲಿ ಬಿಡಿ, ಮೇಷ್ಟ್ರೇ

ಪತ್ರ: "ಟಿವಿಯಲ್ಲಿ ಪೌರತ್ವದ ಚರ್ಚೆ ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ. ನಾನು 1952ರಲ್ಲಿ ಇಲ್ಲೇ ಹುಟ್ಟಿದವನು. ಆಧಾರ್ ಇದೆ, ಇನ್ನೇನು ಬೇಕು? ಈ ಗಲಾಟೆ ನೋಡಿ ಪಿಯುಸಿ ಓದುತ್ತಿರುವ ಮೊಮ್ಮಗಳು ಲಾ ಓದುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಒಳ್ಳೆ ಮಾರ್ಕ್ಸ್ ತೆಗೆಯೋ ಹುಡುಗಿ ಬಾಯಿ ಮಾಡಿ ಬದುಕುವ ಕೆಲಸಕ್ಕೆ ಹೋಗಬೇಕೇ? ಅವಳಿಗೆ ನಾಲ್ಕು ಬುದ್ಧಿಮಾತು ಬರೆಯಿರಿ." (ನಿವೃತ್ತ ಶಿಕ್ಷಕರು, ತಿಪಟೂರು)

ಮೇಷ್ಟ್ರೇ, ಬುದ್ಧಿಮಾತು ಬರೆಯುತ್ತೇನೆ. ಆದರೆ ಅವಳಿಗಲ್ಲ, ನಿಮಗೆ.

ಮೊದಲು ಆ ಆಧಾರ್ ವಿಚಾರ. ಆ ನಂಬರು ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ. ಅರ್ಜಿ ಹಾಕುವ ಮುಂಚಿನ ಒಂದು ವರ್ಷದಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯರಿಗೂ ಅದು ಸಿಗುತ್ತದೆ. ಗಾಬರಿ ಬೇಡ, ನಿಮಗೆ ಏನೂ ಆಗುವುದಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು, ಒಂದೆರಡು ವಿನಾಯಿತಿ ಬಿಟ್ಟರೆ, ಹುಟ್ಟಿನಿಂದಲೇ ಪ್ರಜೆಗಳು. ಅಪ್ಪ ಅಮ್ಮ ಯಾರು ಅಂತ ಕಾನೂನು ಕೇಳುವುದಿಲ್ಲ. 1987ರ ನಂತರ ಹುಟ್ಟಿದವರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಇನ್ನೂ ಬಿಗಿ: ಒಬ್ಬರು ಭಾರತೀಯರು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ನಿಮ್ಮದೇ ಮನೆ, ನಿಮ್ಮದೇ ಊರು, ಆದರೂ ನಿಮಗೊಂದು ರೂಲು, ಮೊಮ್ಮಗಳಿಗೊಂದು ರೂಲು. ಅಷ್ಟು ದಿನ ಟಿವಿ ನೋಡಿದಿರಲ್ಲ, ಇದನ್ನು ಯಾರಾದರೂ ಹೇಳಿದರಾ?

ಈ ಗೋಜಲು ಇವತ್ತಿನದಲ್ಲ. 1949ರ ಆಗಸ್ಟಿನಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ, ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ವಿಧಿ ಪೌರತ್ವದ ಈ ವಿಧಿಯಲ್ಲದೆ ಇನ್ನೊಂದೇ ಒಂದು ಇರಬಹುದು ಎಂಬರ್ಥದ ಮಾತು ಹೇಳಿದ್ದರು. ಇಡೀ ಸಂವಿಧಾನ ಜಾರಿಗೆ ಬರಲು 1950ರ ಜನವರಿ 26 ಆಗಬೇಕಾಯಿತು. ಪೌರತ್ವದ ಮುಖ್ಯ ವಿಧಿಗಳೂ ಸೇರಿ ಕೆಲವು ಮಾತ್ರ ಕಾಯಲಿಲ್ಲ, 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ನೀವು ಎಷ್ಟೋ ಜನವರಿ 26ಕ್ಕೆ ಬಾವುಟ ಹಾರಿಸಿರುತ್ತೀರಿ. ಇದನ್ನು ಮಕ್ಕಳಿಗೆ ಹೇಳಿದ್ದಿರಾ? ಸಿಟ್ಟಾಗಬೇಡಿ, ನಾನೂ ಐವತ್ತು ದಾಟಿದ ಮೇಲೆಯೇ ಓದಿದ್ದು.

ಈಗ ವಕೀಲಿಕೆ. ಮೊದಲ ನಾಲ್ಕೈದು ವರ್ಷ ಕಷ್ಟ, ಒಪ್ಪಿದೆ. ಸೀನಿಯರ್ ಕೊಡುವುದು ಬಸ್ ಚಾರ್ಜಿಗೂ ಸಾಲದು. ಆದರೆ ಬಾಯಿ ಮಾಡಿ ಬದುಕುವ ಕೆಲಸ ಅಂದಿರಲ್ಲ, ಅಲ್ಲಿ ನನಗೆ ಉರಿಯಿತು. ಪಾಠ ಹೇಳುವುದೂ ಬಾಯಿಯ ಕೆಲಸವೇ ಅಲ್ವಾ?

ಈ ಬಾಯಿಗಳು ಏನು ಮಾಡಿವೆ ನೋಡಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ, ಯಕ್ಷಗಾನವೆಂದರೆ ಪ್ರಾಣ ಬಿಡುತ್ತಿದ್ದ ಕನ್ನಡದ ಸ್ವಾಮೀಜಿ, ಮಠದ ಜಮೀನಿಗಾಗಿ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು, 68 ದಿನ ವಾದ. 1973ರ ಏಪ್ರಿಲ್ 24ರಂದು 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡವುವಂತಿಲ್ಲ ಎಂಬ ಮಾತು ಹುಟ್ಟಿದ್ದು ಆ ಒಂದೇ ಓಟಿನ ಅಂತರದಲ್ಲಿ. ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ಕಿತ್ತುಹಾಕಿದರು. 1994ರ ತೀರ್ಪು ಬಂದ ಮೇಲೆ, ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದಲ್ಲಿ ಅಲ್ಲ, ಸದನದಲ್ಲೇ ಗೊತ್ತಾಗಬೇಕು ಅಂತಾಯಿತು. ಇನ್ನು ನಿಮ್ಮ ಆಧಾರ್. ಅದನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ! ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಆ ಕೇಸಿನಲ್ಲೇ.

ಮೂರೂ ನಮ್ಮವರ ಕೇಸು. ಮೂರೂ ತೀರ್ಪು ಇಂಗ್ಲಿಷಿನಲ್ಲಿ. ನನ್ನ ಹಳೇ ಹೊಟ್ಟೆಯುರಿ ಇರುವುದು ಇಲ್ಲಿಯೇ. ಸುಪ್ರೀಂ ಕೋರ್ಟು, ಹೈಕೋರ್ಟಿನ ಭಾಷೆ ಇಂಗ್ಲಿಷ್ ಅಂತ 348ನೇ ವಿಧಿ ಹೇಳುತ್ತದೆ, ಸರಿ. ಕೆಳಗಿನ ಕೋರ್ಟಿಗೆ ಕನ್ನಡ ಇದೆಯಲ್ಲ, ಅಲ್ಲಾದರೂ ನೆಟ್ಟಗಿದೆಯಾ? ಹಿಂದೊಮ್ಮೆ ಪಹಣಿಯಲ್ಲಿ ನಮ್ಮಪ್ಪನ ಹೆಸರಿನ ಇನಿಷಿಯಲ್ ತಪ್ಪಾಗಿ, ತಾಲ್ಲೂಕು ಕೋರ್ಟಿಗೆ ಒಂದೂವರೆ ವರ್ಷ ಅಲೆದಿದ್ದೇನೆ. ಒಂದು ದಿನ ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಸೊಂಟದಲ್ಲಿ ಎಲೆಅಡಿಕೆ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕ್ರಯಪತ್ರ. ಹೆಸರು ಕೂಗಿದರು. ಎರಡು ನಿಮಿಷ ಇಂಗ್ಲಿಷು. ಹೊರಗೆ ಬಂದು ಅಜ್ಜಿ "ಏನಂದ್ರಪ್ಪಾ?" ಅಂದರು. ವಕೀಲರು "ಮುಂದಿನ ವಾಯಿದೆ 14ಕ್ಕೆ" ಅಂದು ಮೆಟ್ಟಿಲಿಳಿದು ಹೋದರು. ಹಿಂದೆ ಬರುತ್ತಿದ್ದ ಜೂನಿಯರ್ ಹುಡುಗಿ ನಿಂತಳು. ಅಜ್ಜಿಯ ಪಕ್ಕ ಕೂತು, ಆ ಕ್ರಯಪತ್ರ ಬಿಡಿಸಿ, ಯಾವ ಸಾಲಿಗೆ ಎದುರಿನವರ ತಕರಾರು ಅಂತ ಬೆರಳಿಟ್ಟು ತೋರಿಸಿದಳು. ಅಜ್ಜಿ ಅವಳಿಗೊಂದು ವೀಳ್ಯದೆಲೆ ಕೊಟ್ಟರು. ಅವಳು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ದೆಹಲಿಯ ದೊಡ್ಡ ವಕೀಲರು ಬೇಕು, ಬೇಡ ಅನ್ನುವುದಿಲ್ಲ. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸೀಟು ಸಿಕ್ಕರೆ ಸುಮ್ನೆ ಬಿಡಬೇಡಿ. ಆದರೆ ನನಗೆ ಆ ಹುಡುಗಿಯಂಥವರು ಜಾಸ್ತಿ ಬೇಕು.

ಮುಂದಿನ ರಜೆಯಲ್ಲಿ ಮೊಮ್ಮಗಳನ್ನು ನಿಮ್ಮೂರ ಕೋರ್ಟಿಗೆ ಕರೆದುಕೊಂಡು ಹೋಗಿ, ಒಂದು ದಿನ ಪೂರ್ತಿ ಕೂರಿಸಿ. ಸ್ವಲ್ಪ ಬೇಗ ಹೋಗಿ, ಫ್ಯಾನಿನ ಕೆಳಗಿನ ಬೆಂಚು ಸಿಗುತ್ತದೆ.